ಯೆಜ್ಡಿಯ ಬಳಗ

ಸ್ಪೋರ್ಟ್ಸ್ ಕಾರು ನಮ್ಮ ಕೈಗೆ ಎಟುಕದ ಕನಸು. ರಾಯಚೂರಿನ ನಮ್ಮಂಥವರ ಹುಚ್ಚೆಲ್ಲ ಯೆಜ್ಡಿ ಬೈಕಿನದು. ಕಿಕ್ಕಿಗೂ ಗೇರಿಗೂ ಒಂದೇ ಲಿವರ್ ಇರುವ ಗಾಡಿ ಅದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಬಿಡಿಭಾಗಗಳು ಸಿಗುವುದು ಕಷ್ಟವಾಯಿತು. ಒಬ್ಬರ ಮನೆಯಲ್ಲಿ ಕಾರ್ಬುರೇಟರ್, ಇನ್ನೊಬ್ಬರಲ್ಲಿ ಕ್ಲಚ್ ಪ್ಲೇಟು. ಕೇಳುತ್ತ, ಕೊಡುತ್ತ ರಾಯಚೂರು, ಮಾನ್ವಿ, ದೇವದುರ್ಗದ ನಾವು ಐದಾರು ಮಂದಿ ಗೆಳೆಯರಾದೆವು.

2019ರ ಮೇ ತಿಂಗಳು, ರಮಝಾನ್. ಉರಿಬಿಸಿಲಿನಲ್ಲಿ ಮಾನ್ವಿ ರಸ್ತೆಯಲ್ಲಿ ನನ್ನ ಗಾಡಿ ನಿಂತಿತು. ಕಂಡೆನ್ಸರ್ ಕೈಕೊಟ್ಟಿತ್ತು. ಫೋನ್ ಮಾಡಿದೆ. ದೇವದುರ್ಗದ ಗೆಳೆಯ ಹಿಂದೆಂದೋ ಕೊಟ್ಟಿದ್ದ ಕಂಡೆನ್ಸರನ್ನು ಜೇಬಿನಲ್ಲಿಟ್ಟುಕೊಂಡು ಮಾನ್ವಿಯಿಂದ ಮೇಷ್ಟ್ರು ಬಂದರು. ಬೆವರು ಸುರಿಸುತ್ತ ಗಾಡಿ ಸರಿಮಾಡಿದರು. ತಮ್ಮ ನೀರಿನ ಬಾಟಲಿಯ ಮುಚ್ಚಳವನ್ನು ಮಾತ್ರ ತೆರೆಯಲಿಲ್ಲ.

"ನೀವು ಕುಡೀರಿ ಮೇಷ್ಟ್ರೇ, ನನಗೇನೂ ಬ್ಯಾಸರಿಲ್ಲ" ಎಂದೆ.

"ಇರ್ಲಿ ಭಾಯ್, ಸಂಜಿಗೆ ಕೂಡಿ ಕುಡಿಯೋಣು."

ಆ ಸಂಜೆ ಅವರ ಮನೆಯ ಅಂಗಳದಲ್ಲೇ ನನ್ನ ಇಫ್ತಾರ್ ಆಯಿತು.

ಒಂದೇ ಓಣಿಯವರು ಪರಸ್ಪರ ಅನುಮಾನದಿಂದ ನೋಡುವ ದಿನಗಳಿವು. ಸೌಹಾರ್ದದ ಭಾಷಣಗಳನ್ನು ನಾನೂ ಬಹಳ ಕೇಳಿದ್ದೇನೆ. ಆದರೆ ಒಬ್ಬರಿಗೊಬ್ಬರು ಬೇಕಾಗುವಂಥ ಕೆಲಸವೊಂದಿದ್ದರೆ ಮನಸ್ಸುಗಳು ತಾವಾಗಿಯೇ ಹತ್ತಿರವಾಗುತ್ತವೆ. ನಮಗೆ ಆ ಕೆಲಸ ಕೊಟ್ಟದ್ದು ಒಂದು ಹಳೆಯ ಗಾಡಿ.