ಒಂದು ಉದ್ದ, ಒಂದು ಗಿಡ್ಡ

"ಚಿಪ್ಪಿನ ಮಾತು ಆಮ್ಯಾಲ. ಮೊದ್ಲ ನಂಬರ್ ಓದು ತಮ್ಮಾ," ಅಂತಾನೆ ಅಂಗಡಿಯವ.

ನನ್ನ ಅಕ್ಕನ ಮಗ ಗೇಮ್ ಮಷೀನನ್ನು ತಿರುವಿ ಲೈಟಿನ ಕೆಳಗೆ ಹಿಡಿಯುತ್ತಾನೆ. ಸಾಸಿವೆಯಷ್ಟು ಅಕ್ಷರಗಳು. ಅವನಿಗೆ ಹದಿನೇಳು, ಕಣ್ಣು ಚುರುಕು. ನಾನು ಚಸ್ಮಾ ಹಣೆಗೇರಿಸಿ ಇಣುಕಿದರೂ ನನಗೆ ಕಾಣುವುದು ಬರೀ ಮಂಜು. "ಎಕ್ಸ್, ಟಿ, ಡಬ್ಲ್ಯೂ..." ಮುಂದಿನ ಅಂಕಿಗೆ ಹೋಗುವಷ್ಟರಲ್ಲಿ ಅಂಗಡಿಯವ ಕೈ ಎತ್ತುತ್ತಾನೆ.

"ಸಾಕು. ಎಕ್ಸ್ ಟಿ ಅಂದ್ರ ಓಲೆಡ್. ತಂತಿ ಆಟ ಇದಕ್ಕ ನಡಿಯೂದಿಲ್ಲ. ಚಿಪ್ಪ ಬೇಕು."

ಜನವರಿಯ ಸಂಜೆ. ಉಗಾರ ಖುರ್ದದ ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ಕೂತಿದ್ದೇವೆ. ಎರಡು ಸ್ಟೂಲು, ಒಂದು ಕೌಂಟರು, ಗಾಜಿನ ಹಿಂದೆ ಹೊಟ್ಟೆ ಬಿಚ್ಚಿಕೊಂಡ ಫೋನುಗಳ ಸಾಲು. ಹೊರಗೆ ಕಬ್ಬಿನ ಹಂಗಾಮು. ಡಬಲ್ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು ಡೆಕ್ ಹಚ್ಚಿಕೊಂಡು ಕಾರ್ಖಾನೆ ಕಡೆ ಹೋದ ಮೇಲೂ ಕೌಂಟರಿನ ಗಾಜು ಸ್ವಲ್ಪ ಹೊತ್ತು ಗಿರಗುಡುತ್ತಿರುತ್ತದೆ. ಗಾಳಿ ತಿರುಗಿದಾಗೊಮ್ಮೆ ಕಾಕಂಬಿಯ ವಾಸನೆ. 1939ರಲ್ಲಿ ಉಗಾರ ಶುಗರ್ ವರ್ಕ್ಸ್ ಹುಟ್ಟಿತು. ಅಲ್ಲಿಂದ ಇಲ್ಲಿಯ ಚಳಿಗಾಲಕ್ಕೆಲ್ಲ ಇದೇ ವಾಸನೆ. ಖುರ್ದ ಅಂದರೆ ಸಣ್ಣದು, ಬುದ್ರುಕ ಅಂದರೆ ದೊಡ್ಡದು. ಎರಡು ಉಗಾರಗಳಿಗೆ ಹಾಗೆ ಹೆಸರಿಟ್ಟ ಪುಣ್ಯಾತ್ಮನಿಗೆ ಕಾರ್ಖಾನೆ ಯಾವ ಕಡೆ ಏಳುತ್ತದೆ ಅನ್ನುವುದು ಎಲ್ಲಿಂದ ಗೊತ್ತಿರಬೇಕು!

ಮಷೀನು ದುಬೈನಿಂದ ಬಂದದ್ದು. ನಿಂಟೆಂಡೊ ಸ್ವಿಚ್, 2021ರ ಅಕ್ಟೋಬರಿನಲ್ಲಿ ಹೊರಬಂದ ಓಲೆಡ್ ಮಾದರಿ, ಏಳು ಇಂಚಿನ ಪರದೆ. ಹುಡುಗನ ದೊಡ್ಡಪ್ಪನ ಮಗ ಎರಡು ವರ್ಷ ಆಡಿ, ಬೇಜಾರಾಗಿ ಇವನ ಕೈಗೆ ಹಾಕಿದ್ದಾನೆ. ನಿಂಟೆಂಡೊ ಇದನ್ನು ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಿಲ್ಲ. ಇಲ್ಲಿಗೆ ಬಂದದ್ದೆಲ್ಲ ಯಾರದೋ ಸೂಟ್‌ಕೇಸಿನಲ್ಲಿ, ಇಲ್ಲವೇ ಬಿಲ್ಲಿಲ್ಲದ ಪೇಟೆಯಲ್ಲಿ ಬಂದದ್ದು. ಕೆಟ್ಟರೆ ಕೇಳುವವರಿಲ್ಲ. ಹಾಗಾಗಿ ಇದರ ಸ್ಕ್ರೂ ಬಿಚ್ಚುವುದು ಈ ಊರಲ್ಲಿ ದೊಡ್ಡ ಬಂಡಾಯವೇನೂ ಅಲ್ಲ. ಪಂಪ್‌ಸೆಟ್ಟನ್ನೂ ಹೀಗೇ ಬಿಚ್ಚುತ್ತೇವೆ.

ಹುಡುಗ ನೋಟ್‌ಬುಕ್ ತೆಗೆಯುತ್ತಾನೆ. ಪಿಯುಸಿ ಫಿಸಿಕ್ಸಿನ ಹಿಂದಿನ ಪುಟದಲ್ಲಿ ಕಂಪನಿಯ ಬೀಗ ಒಡೆಯುವ ಮೂರು ಚಿಪ್ಪುಗಳ ಹೆಸರು: ಎಸ್‌ಎಕ್ಸ್ ಕೋರ್, ಎಚ್‌ಡಬ್ಲ್ಯೂಫ್ಲೈ, ಪೀಕೋಫ್ಲೈ. "ಇದರಾಗ ಯಾವ್ದು ಚಲೋ ಅಣ್ಣಾ?"

ಅಂಗಡಿಯವ ಉತ್ತರ ಕೊಡುವುದಿಲ್ಲ. ಡ್ರಾವರಿನಿಂದ ಹಳೆಯದೊಂದು ಬ್ಯಾಟರಿ ತೆಗೆದು ಕೌಂಟರಿನ ಮೇಲಿಡುತ್ತಾನೆ. ಹೊಟ್ಟೆ ಉಬ್ಬಿದೆ. "ಪಿಎಸ್‌ಪಿ ಬ್ಯಾಟರಿ. ಪಂಡೋರಾ ಅಂತಿದ್ವಿ." ಸೋನಿಯ ಆ ಕೈಗೇಮಿನ ಬ್ಯಾಟರಿಯೊಳಗೆ ಒಂದು ಸೀರಿಯಲ್ ನಂಬರು ಇರುತ್ತಿತ್ತು. ಅದನ್ನು ಬದಲಿಸಿ ಎಲ್ಲ ಜಾಗದಲ್ಲೂ 'ಎಫ್' ತುಂಬಿದರೆ, ಮಷೀನು ತನ್ನನ್ನು ಕಂಪನಿಯ ರಿಪೇರಿಯವನೇ ತೆರೆದಿದ್ದಾನೆ ಅಂದುಕೊಂಡು ಬಾಗಿಲು ಬಿಡುತ್ತಿತ್ತು. ಆಗ ಚಿಪ್ಪಿನ ಮಾತೇ ಇಲ್ಲ. ಒಂದು ಬ್ಯಾಟರಿ, ಒಂದು ಮೆಮೊರಿ ಸ್ಟಿಕ್. ಸೋನಿ ಮುಂದೆ ಬೋರ್ಡನ್ನೇ ಬದಲಿಸಿ ಆ ಬಾಗಿಲು ಮುಚ್ಚಿತು.

ಸ್ವಿಚ್ಚಿಗೂ ಮೊದಲು ಇಂಥದೇ ಒಂದು ಬಾಗಿಲಿತ್ತು. 2018ರ ಏಪ್ರಿಲಿನಲ್ಲಿ ಕೇಟ್ ಟೆಮ್ಕಿನ್ ಎಂಬ ಸಂಶೋಧಕಿ ಅದರ ಟೆಗ್ರಾ ಪ್ರೊಸೆಸರಿನೊಳಗಿನ ದೋಷವೊಂದನ್ನು ಬಯಲು ಮಾಡಿದಳು. ಅದು ಕೂತಿದ್ದದ್ದು ಕಾರ್ಖಾನೆಯಲ್ಲೇ ಕೆತ್ತಿದ, ಮುಂದೆ ಅಪ್‌ಡೇಟಿನಿಂದ ತಿದ್ದಲಾಗದ ಭಾಗದಲ್ಲಿ. ಬಲಗಡೆಯ ಹಳಿಯ ಎರಡು ಪಿನ್ನುಗಳ ನಡುವೆ ಒಂದು ಚೂರು ತಂತಿ ಸಿಕ್ಕಿಸಿ, ಯುಎಸ್‌ಬಿ ಕೇಬಲ್ ಹಚ್ಚಿದರೆ ಆಯಿತು. ಅಂಗಡಿಯವ ಹೇಳಿದ 'ತಂತಿ ಆಟ' ಅದೇ. ಅದೇ ವರ್ಷದ ನಡುವಿನಿಂದ ಬಂದ ಮಷೀನುಗಳಲ್ಲಿ ದೋಷ ಸರಿಯಾಯಿತು. 2019ರಲ್ಲಿ ಪ್ರೊಸೆಸರೇ ಬದಲಾಯಿತು. ನಂಬರು ಮೊದಲು ಕೇಳಿದ್ದು ಇದಕ್ಕೆ. ಎಷ್ಟೋ ಜನ ಮೊದಲು ಚಿಪ್ ಕೊಂಡು ಆಮೇಲೆ ನಂಬರು ನೋಡುತ್ತಾರೆ, ಹುಡುಗಿ ನೋಡುವ ಮೊದಲೇ ಮಂಟಪಕ್ಕೆ ಅಡ್ವಾನ್ಸ್ ಕೊಟ್ಟ ಹಾಗೆ.

ಈಗ ಹೆಸರು ಹೊಡೆದುಹಾಕುವ ಕೆಲಸ. ಎಸ್‌ಎಕ್ಸ್ ಮೊದಲು ಹೋಗುತ್ತದೆ. ಅದನ್ನು ಮಾಡಿದ ಟೀಮ್ ಎಕ್ಸೆಕ್ಯೂಟರ್ ಮೇಲೆ 2020ರಲ್ಲಿ ಅಮೆರಿಕದ ಕೇಸು ಬಿತ್ತು. ಆ ತಂಡದ ಗ್ಯಾರಿ ಬೌಸರ್ ಎಂಬವನಿಗೆ 2022ರ ಫೆಬ್ರವರಿಯಲ್ಲಿ 40 ತಿಂಗಳ ಜೈಲು ಶಿಕ್ಷೆಯಾಯಿತು. ಮಾರಿಯೋ ಆಟದ ಖಳನಾಯಕನ ಹೆಸರೂ ಬೌಸರ್! ಕತೆಗಾರ ಬರೆದಿದ್ದರೆ ಸಂಪಾದಕ ಹೊಡೆದುಹಾಕುತ್ತಿದ್ದ. ಓಲೆಡ್ ಪೇಟೆಗೆ ಬರುವ ಹೊತ್ತಿಗೆ ಆ ತಂಡ ಮುಗಿದಿತ್ತು, ಅಂದಮೇಲೆ ಅವರ ಚಿಪ್ಪು ಇದಕ್ಕೆಲ್ಲಿಂದ ಬರಬೇಕು?

"ಉಳದದ್ದು ಎರಡು," ಅಂತಾನೆ ಅಂಗಡಿಯವ. ಎಚ್‌ಡಬ್ಲ್ಯೂಫ್ಲೈ ಎಸ್‌ಎಕ್ಸಿನ ನಕಲು, ಆಮೇಲೆ ಆ ನಕಲಿಗೂ ನಕಲು ಬಂದಿವೆ. ಪೀಕೋಫ್ಲೈ ಬೇರೆ ಜಾತಿ. ಅದರ ಮೈ ಅಂದರೆ ಶಾಲೆಯ ಮಕ್ಕಳು ಪ್ರಾಜೆಕ್ಟಿಗೆ ಕೊಳ್ಳುವ ಆರ್‌ಪಿ2040 ಬೋರ್ಡು. 2021ರ ಜನವರಿಯಲ್ಲಿ ರಾಸ್ಪ್‌ಬೆರಿ ಪೈ ಕಂಪನಿ ಈ ಚಿಪ್ಪು ಕೂರಿಸಿದ ಪೀಕೋ ಬೋರ್ಡನ್ನು ನಾಲ್ಕು ಡಾಲರಿಗೆ ಬಿಟ್ಟಾಗ ಯಾರೂ ಗೇಮ್ ಮಷೀನಿನ ಬೀಗ ನೆನೆದಿರಲಿಕ್ಕಿಲ್ಲ. ಆತ ತನ್ನ ಬೋರ್ಡು ತೋರಿಸುತ್ತಾನೆ. ಅಂಚೆಚೀಟಿಯಷ್ಟು. ಯುಎಸ್‌ಬಿ ಬಾಯಿಯನ್ನು ಆಗಲೇ ಕಿತ್ತಿದ್ದಾನೆ, ಅದಿದ್ದರೆ ಹಿಂದಿನ ಮುಚ್ಚಳ ಕೂರುವುದಿಲ್ಲವಂತೆ.

"ಸಸ್ತಾ ಅಂತ ಇದನ್ನ ಹಚ್ಚತೀರೇನ್ರಿ?" ನಾನು ಕೇಳುತ್ತೇನೆ.

"ಸಸ್ತಾ ಐತಿ ಖರೆ ಸರ್. ಆದ್ರ ಅದಕ್ಕಲ್ಲ. ಆ ಚೀನಾ ಚಿಪ್ಪಿನೊಳಗ ಏನ್ ತುಂಬ್ಯಾರ ನನಗ ಗೊತ್ತಿಲ್ಲ. ಇದು ಖಾಲಿ ಬರ್ತೈತಿ, ಇದಕ್ಕ ನಾನ ತುಂಬಸ್ತೀನಿ. ಸುಟ್ರ ಇನ್ನೊಂದು ತರಸ್ತೀನಿ."

ಇಷ್ಟಕ್ಕೂ ಈ ಚಿಪ್ಪು ಮಾಡುವುದೇನು? ಅದನ್ನು ಕೇಳುವ ಹೊತ್ತಿಗೇ ಟ್ಯೂಬ್‌ಲೈಟು ಒಮ್ಮೆ ಕಣ್ಣು ಮಿಟುಕಿಸಿ ಸರಿಯಾಗುತ್ತದೆ. ಎಲ್ಲೋ ದೊಡ್ಡ ಮೋಟರು ಎದ್ದಿರಬೇಕು. ಅಂಗಡಿಯವ ಬೆರಳಿಂದ ಮೇಲೆ ತೋರಿಸುತ್ತಾನೆ. "ಇದ. ಇಷ್ಟ ಮಾಡ್ತೈತಿ."

ಹೊಳೆದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತ್ರೀ ಫೇಸ್ ಬಂದ ಗಳಿಗೆಯಲ್ಲಿ ಕೃಷ್ಣೆಯ ಮೋಟರುಗಳೆಲ್ಲ ಒಟ್ಟಿಗೆ ಎದ್ದರೆ ಮನೆಯ ಬಲ್ಬು ಕೆಂಪಗಾಗುತ್ತದೆ, ಟಿವಿ ಒಮ್ಮೆ ಸತ್ತು ಹುಟ್ಟುತ್ತದೆ. ವೋಲ್ಟೇಜು ಕುಸಿದಾಗ ಯಂತ್ರ ತಪ್ಪುತ್ತದೆ. ಸ್ವಿಚ್ಚಿನ ಪ್ರೊಸೆಸರು ಪ್ರತಿ ಸಲ ಏಳುವಾಗ ತನ್ನ ಮುಂದಿರುವ ಪ್ರೋಗ್ರಾಮಿಗೆ ಕಂಪನಿಯ ಸಹಿ ಇದೆಯೇ ಎಂದು ನೋಡುತ್ತದೆ. ಅದು ನೋಡುವ ಆ ಕ್ಷಣಕ್ಕೇ ಚಿಪ್ಪು ಅದರ ಕರೆಂಟನ್ನು ಜಗ್ಗಿ ಬಿಡುತ್ತದೆ, ಸೆಕೆಂಡಿನ ಕೋಟಿಯ ಲೆಕ್ಕದ ಒಂದು ಚೂರು ಹೊತ್ತು. ಪ್ರೊಸೆಸರು ತಡವರಿಸುತ್ತದೆ, 'ಸಹಿ ಇದೆ' ಅಂದುಬಿಡುತ್ತದೆ. ಹೆಚ್ಚು ಜಗ್ಗಿದರೆ ಸಾಯುತ್ತದೆ, ಕಡಿಮೆಯಾದರೆ ಎಚ್ಚರ ತಪ್ಪುವುದಿಲ್ಲ. ಸರಿಯಾದ ಗಳಿಗೆ ಸಿಗುವತನಕ ಚಿಪ್ಪು ಮತ್ತೆ ಮತ್ತೆ ಪ್ರಯತ್ನಿಸಿ ಲೆಕ್ಕ ಕಲಿಯುತ್ತದೆ. ನಮ್ಮ ಊರು ಬಯ್ಯುತ್ತ ಬದುಕಿದ ಒಂದು ಕಾಟವನ್ನು ಯಾರೋ ಇಷ್ಟು ನಾಜೂಕಾಗಿ ಕೆಲಸಕ್ಕೆ ಹಚ್ಚಿದ್ದಾರೆ. ನನಗಂತೂ ಗೇಮಿಗಿಂತ ಇದೇ ರುಚಿಸಿತು.

ಮೂರು ಎಸಳಿನ ಸ್ಕ್ರೂಗಳು ಒಂದೊಂದಾಗಿ ಮ್ಯಾಗ್ನೆಟ್ ಚಾಪೆಯ ಮೇಲೆ ಕೂರುತ್ತವೆ. ಬಿಚ್ಚುತ್ತಲೇ ಅಂಗಡಿಯವ ನಿಜವಾದ ಪ್ರಶ್ನೆ ಕೇಳುತ್ತಾನೆ: "ಡಾಟ್ ಝೀರೋ ಎಲ್ಲಿಂದ ಹಿಡಿಯೂನು?"

ಚಿಪ್ಪಿಗೆ ಮೆಮೊರಿ ಐಸಿಯ ಕೆಲವು ಗೆರೆಗಳು ಬೇಕು, ಡಾಟ್ ಝೀರೋ ಅವುಗಳಲ್ಲೊಂದು. ಬಾಕಿಯವು ಬೋರ್ಡಿನ ಮೇಲೇ ಸಿಗುತ್ತವೆ. ಡಾಟ್ ಝೀರೋ ಮಾತ್ರ ಓಲೆಡ್ಡಿನಲ್ಲಿ ಐಸಿಯ ಹೊಟ್ಟೆ ಕೆಳಗೆ, ಒಂದು ಸೀಸದ ಗುಂಡಿನಲ್ಲಿದೆ. ಐಸಿ ಎತ್ತಿ, ಅಡಿಗೊಂದು ತೆಳು ಪಟ್ಟಿಯಿಟ್ಟು, ಹೊಸ ಬಾಲ್ ಹಾಕಿ ಕೂರಿಸಬಹುದು. ಇಲ್ಲವೇ ಎತ್ತದೆಯೇ ಪಟ್ಟಿಯನ್ನು ಪಕ್ಕದಿಂದ ತೂರಿಸಬಹುದು. ಮೂರನೆಯದಕ್ಕೆ ಕಾಮಿಕಾಝೆ ಅಂತ ಹೆಸರು: ಬೋರ್ಡನ್ನೇ ಹಿಂದಿನಿಂದ ಕೆರೆದು ಒಳಗಿನ ಗೆರೆಯವರೆಗೆ ಇಳಿಯುವುದು. ಹಿಂದಿನ ವಾರ ನಗರವೊಂದರ ಅಂಗಡಿಗೆ ಹೋಗಿದ್ದಾಗ ಅಲ್ಲಿಯವರು ಒಂದೇ ಮಾತಿಗೆ ಇದನ್ನೇ ಹೇಳಿದ್ದರು, ಬೇಗ ಮುಗಿಯುತ್ತದೆಂದು. ಹುಡುಗ ಹೂಂ ಅನ್ನುವುದರಲ್ಲಿದ್ದ. ನಾನು ಅವನ ರಟ್ಟೆ ಹಿಡಿದು ಹೊರಗೆ ತಂದಿದ್ದೆ.

"ಬೋರ್ಡ್ ಕೊರದ್ರ ತಿರುಗಿ ಬರೂ ದಾರಿ ಇಲ್ಲ," ಅಂತಾನೆ ಈತ. "ತೂರಸಿ ನೋಡೂನು. ಒಪ್ಪಲಿಲ್ಲ ಅಂದ್ರ ಐಸಿ ಎತ್ತತೀನಿ." ಐಸಿ ಎತ್ತುವುದನ್ನು ಎಲ್ಲಿ ಕಲಿತಿರಿ ಅಂದರೆ, 2019ರ ಆಗಸ್ಟು ಅನ್ನುತ್ತಾನೆ. ಹೊಳೆ ಏರಿ ಬಂದ ವರ್ಷ. ಜುಗೂಳ, ಮಂಗಾವತಿ, ಉಗಾರ, ಎಲ್ಲೆಡೆಯಿಂದ ಕೆಸರು ಕುಡಿದ ಫೋನುಗಳು. ಬೆಳಗಿನಿಂದ ರಾತ್ರಿತನಕ ಥಿನ್ನರಿನಲ್ಲಿ ತೊಳೆದು, ಎಸ್‌ಎಂಡಿ ಗಾಳಿಯಲ್ಲಿ ಎತ್ತಿ, ಬಾಲ್ ಹಾಕಿ ಕೂರಿಸಿದ್ದೇ ಕೂರಿಸಿದ್ದು.

ನನಗೆ ಆಗಲೇ ಅನಿಸುತ್ತದೆ: ನೋಟ್‌ಬುಕ್ಕಿನಲ್ಲಿ ಹುಡುಗ ಬರೆಯಬೇಕಿದ್ದದ್ದು ಚಿಪ್ಪಿನ ಹೆಸರಲ್ಲ, ಈ ಕೈಯ ವಿಳಾಸ.

ಮೈಕ್ರೋಸ್ಕೋಪಿನಲ್ಲಿ ನೋಡಿ ಬರ್ರಿ ಅಂದಾಗ ನಾನೂ ಕಣ್ಣಿಡುತ್ತೇನೆ. ಹೊಳೆಯುವ ಪೇಸ್ಟಿನ ಕೊಳ. ಅದರೊಳಗೆ ಮೆಣಸಿನ ಬೀಜದಂಥ ಕೆಪಾಸಿಟರು. ಮೋಟರ್ ವೈಂಡಿಂಗಿಗೆ ಬಳಸುವ ಎನಾಮಲ್ ತಂತಿಯ ಜಾತಿಯದೇ, ಆದರೆ ಕೂದಲಷ್ಟು ತೆಳುವಾದ ತಂತಿಯ ತುದಿ ಬರುತ್ತದೆ. ಹಿಂದೆಯೇ ಸೋಲ್ಡರಿಂಗ್ ಕಡ್ಡಿಯ ಮೊನೆ, ಮೈಕ್ರೋಸ್ಕೋಪಿನಲ್ಲಿ ಒನಕೆಯಂತೆ. ತಗಲುತ್ತದೆ, ಒಂದು ಹೊಗೆಯೆಳೆ ಏಳುತ್ತದೆ, ಸೀಸ ಹೊಳೆದು ಮಂಕಾಗುತ್ತದೆ. ಹೊರಗೆ ಮತ್ತೊಂದು ಟ್ರ್ಯಾಕ್ಟರು. ಆತ ಕಡ್ಡಿ ಎತ್ತಿ, ಗಾಜಿನ ಗಿರಗುಟ್ಟುವಿಕೆ ನಿಲ್ಲುವತನಕ ಉಸಿರು ಹಿಡಿದು ಕಾಯುತ್ತಾನೆ. ಆಮೇಲೆ ಮುಂದಿನ ಜಂಪರು.

ಹುಡುಗನಿಗೆ ಚಡಪಡಿಕೆ. ಅವನ ವಯಸ್ಸಿನಲ್ಲಿ ನಾನು ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಒಂದು ಬ್ರಿಕ್ ಗೇಮ್ ಕೊಂಡಿದ್ದೆ. ಡಬ್ಬಿಯ ಮೇಲೆ 9999 ಆಟ ಎಂದು ಬರೆದಿತ್ತು. ಕುಡಚಿಯಲ್ಲಿ ರೈಲು ನಿಲ್ಲುವುದರೊಳಗೆ ಎಣಿಸಿ ಮುಗಿಸಿದೆ, ಹತ್ತೋ ಹನ್ನೆರಡೋ. ಇವನಿಗೆ ಅಷ್ಟು ಹೇಳಿದರೆ ನಗುತ್ತಾನೆ. ಇವನ ಒಂದು ಆಟಕ್ಕೆ ಅರವತ್ತು ಡಾಲರು, ನಮ್ಮ ಐದು ಸಾವಿರದ ಸಮೀಪ. ಸುತ್ತುಬಳಸಿ ಏಕೆ ಹೇಳಲಿ, ಚಿಪ್ಪಿನ ಆಸೆಯ ಬೇರು ಅಲ್ಲೇ ಇದೆ.

ಕಾನೂನು ಕೂಡ ಅಲ್ಲಿಗೇ ಬಂದು ನಿಲ್ಲುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಎಂಬ ಕಲಮು ಸೇರಿತು: ಹಕ್ಕು ಮುರಿಯುವ ಉದ್ದೇಶದಿಂದ ಇಂಥ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಕಾಯ್ದೆ ಬೇಡವೆನ್ನದ ಕೆಲಸಕ್ಕೆ ಒಡೆದರೆ ಆ ಕಲಮು ಅಡ್ಡ ಬರುವುದಿಲ್ಲ. ಅಂಗಡಿಯವ ಕಲಮು ಓದಿದವನಲ್ಲ, ಆದರೆ ಗೆರೆ ಎಲ್ಲಿದೆ ಗೊತ್ತು. "ಚಿಪ್ ಹಚ್ಚತೀನಿ. ಗೇಮ್ ತುಂಬಿ ಕೊಡೂದಿಲ್ಲ. ಕೇಳಬ್ಯಾಡ." ಹುಡುಗ ನನ್ನ ಕಡೆ ನೋಡುತ್ತಾನೆ. ನಾನು ಟ್ಯೂಬ್‌ಲೈಟಿನ ಕಡೆ ನೋಡುತ್ತೇನೆ.

ಬ್ಯಾಟರಿ ಹಚ್ಚಿ ಬಟನ್ ಒತ್ತುತ್ತಾನೆ. ಬೋರ್ಡಿನ ಪುಟ್ಟ ಎಲ್‌ಇಡಿ ಬೆಳಗುತ್ತದೆ, ಆರುತ್ತದೆ. ಹಳದಿ. ಒಂದು ಉದ್ದ, ಒಂದು ಗಿಡ್ಡ. ಮತ್ತೆ ಒಂದು ಉದ್ದ, ಒಂದು ಗಿಡ್ಡ. ಹಳೇ ಸ್ಟೇಷನ್ ಮಾಸ್ತರರ ತಂತಿ ಮಾತಿನ ಹಾಗೆ.

"ಏನಂತೈತಿ ಅಣ್ಣಾ?"

"ಡಾಟ್ ಝೀರೋ ಸಿಗವಲ್ದು ಅಂತೈತಿ."

ಮಲ್ಟಿಮೀಟರಿನ ಕಡ್ಡಿ ಇಡುತ್ತಾನೆ. ಅರ್ಧ ವೋಲ್ಟಿನ ಆಸುಪಾಸು ತೋರಿಸುತ್ತದೆ, ಸರಿಯೇ ಇದೆ. ಐಸಿಯ ಪಕ್ಕ ಒತ್ತಿದ ಬೆರಳು ತೆಗೆದೊಡನೆ ಅಂಕಿ ಮಾಯ. ಮತ್ತೆ ಒತ್ತಿದರೆ ಬರುತ್ತದೆ. ಹಾಗೇ ಟೇಪು ಸುತ್ತಿ ಕೊಟ್ಟಿದ್ದರೆ ನಾವು ಖುಷಿಯಿಂದ ಮನೆಗೆ ಹೋಗಿ, ವಾರದಲ್ಲಿ ವಾಪಸು ಬರುತ್ತಿದ್ದೆವು. ಆತ ತೂರಿಸಿದ ಪಟ್ಟಿಯನ್ನು ಎಳೆದು ತೆಗೆದು ಕಸದ ಬುಟ್ಟಿಗೆ ಹಾಕುತ್ತಾನೆ. "ಐಸಿ ಎತ್ತಬೇಕ ಸರ್. ಇವತ್ತ ಆಗೂದಿಲ್ಲ, ಕಣ್ಣ ದಣದಾವು. ನಾಳೆ ಭೋಂಗಾ ಆದ ಮ್ಯಾಲ ಬರ್ರಿ."

ಮರುದಿನ ಸಂಜೆ ಕಾರ್ಖಾನೆಯ ಭೋಂಗಾ ಆಗುವ ಮೊದಲೇ ಹುಡುಗ ಅಂಗಡಿಯ ಮೆಟ್ಟಿಲ ಮೇಲಿದ್ದಾನೆ, ಕೈಯಲ್ಲಿ ಅರ್ಧ ಸುಲಿದ ಕಬ್ಬು. ಐಸಿ ಹೊಸ ಗುಂಡುಗಳ ಮೇಲೆ ಕೂತಿದೆ, ಅಂಚಿನಿಂದ ಪಟ್ಟಿಯ ಬಾಲವಷ್ಟೇ ಕಾಣುತ್ತದೆ. ಸುತ್ತ ಹಳದಿ ಟೇಪು. ಬಟನ್ ಒತ್ತುತ್ತಾನೆ. ನೀಲಿ ಮಿನುಗು. ನೀಲಿ, ನೀಲಿ, ಇನ್ನೂ ನೀಲಿ. ಚಿಪ್ಪು ಕರೆಂಟು ಜಗ್ಗಿ ಜಗ್ಗಿ ಗಳಿಗೆ ಹುಡುಕುತ್ತಿದೆ. ಮೂವರೂ ಉಸಿರು ಬಿಟ್ಟಿಲ್ಲ. ಹಸಿರು.

ಪರದೆಯ ಮೇಲೆ ಎರಡು ಇಂಗ್ಲಿಷ್ ಪದ: ನೋ ಎಸ್‌ಡಿ.

"ಆತು," ಅಂತಾನೆ ಅಂಗಡಿಯವ. "ಇನ್ನ ಕಾರ್ಡ್ ಹಾಕಿದ್ರ ಮುಗೀತು. ಮೊದ್ಲ ಒಳಗಿನ ಅರವತ್ನಾಕು ಜಿಬಿ ಪೂರಾ ಕಾಪಿ ತಗದ ಇಡು. ಹೊಸಾ ಆಟ ಎಲ್ಲಾ ಕಾರ್ಡಿನ್ಯಾಗ, ಒಳಗಿಂದು ಮುಟ್ಟಬ್ಯಾಡ. ನೆಟ್ಟಿಗೆ ಹಚ್ಚಿದೆಂದ್ರ ಕಂಪನಿಯವ್ರು ಮಷೀನಿನ ಮಾರಿ ಮ್ಯಾಲ ಬಾಗಲಾ ಹಾಕ್ತಾರ, ತಿಳೀತಿಲ್ಲೊ?"

"ಕಾರ್ಡ್ ಐತೇನ್ರಿ ನಿಮ್ಮತ್ರ?" ನಾನು ಕೇಳುತ್ತೇನೆ.

"ಐತಿ ಸರ್. ಆದ್ರ ಖರೇದು ಅಂತ ನಾ ಹೇಳೂದಿಲ್ಲ. ಮಿರಜಿಗೆ ಹೋಗಿ ಬಿಲ್ ಹಾಕಿಸಿ ತಗೋರಿ."

ಹುಡುಗ ಕಬ್ಬು ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಾನೆ. "ಮಾಮಾ, ಮಿರಜ್ ಗಾಡಿ ಎಷ್ಟಕ್ಕ ಐತಿ?"