ನೋಡುವವರಿಲ್ಲದ ಬೊಂಬೆಯಾಟ

ಬಾಲಿ ದ್ವೀಪಕ್ಕೆ ಹೋದ ನಾವು ಮೊದಲ ದಿನ ಎಲ್ಲರಂತೆ ಟಿಕೇಟು ಕೊಂಡು, ಒಂದು ಗಂಟೆಯಲ್ಲಿ ಮುಗಿಯುವ ಬರೋಂಗ್ ನೃತ್ಯವನ್ನು ಕಂಡೆವು. ಚೆಲುವಾಗಿತ್ತು, ಮನಸ್ಸು ಮಾತ್ರ ತುಂಬಲಿಲ್ಲ.

ಮರುದಿನ, ತಂಗಿದ್ದ ಮನೆಯ ಯಜಮಾನರು ಸುಕಾವತಿಯ ಸಮೀಪದ ಹಳ್ಳಿಯೊಂದಕ್ಕೆ ಕರೆದೊಯ್ದರು. ಅಲ್ಲಿಯ ದೇವಾಲಯದಲ್ಲಿ 210 ದಿನಗಳಿಗೊಮ್ಮೆ ಬರುವ ಒಡಲಾನ್ ಉತ್ಸವ. ಸೊಂಟಕ್ಕೆ ವಸ್ತ್ರ ಸುತ್ತಿ ಒಳಹೊಕ್ಕರೆ, ನಡುಹಗಲಿನಲ್ಲಿ ತೊಗಲುಬೊಂಬೆಯಾಟ ನಡೆದಿತ್ತು! ಪರದೆಯಿಲ್ಲ, ದೀಪವಿಲ್ಲ, ಹಾಲುವಾಣದ ಎರಡು ಕೊಂಬೆಗಳ ನಡುವೆ ಕಟ್ಟಿದ ಬಿಳಿಯ ನೂಲು ಮಾತ್ರ. ಇದಕ್ಕೆ ವಾಯಾಂಗ್ ಲೆಮಾ ಎಂದು ಹೆಸರು. ಬೊಂಬೆಯಾಡಿಸುವ ದಲಾಂಗರು ಆಡಿಸುವುದು ದೇವತೆಗಳಿಗಾಗಿ. ಊರವರು ನೈವೇದ್ಯ ಹೊತ್ತು ಓಡಾಡುತ್ತಿದ್ದರು. ಕುಳಿತು ನೋಡುತ್ತಿದ್ದವರು ಇಬ್ಬರು ಹುಡುಗರು ಮತ್ತು ನಾವು. ಆದರೂ ದಲಾಂಗರ ಸ್ವರ ಎಳ್ಳಷ್ಟೂ ತಗ್ಗಲಿಲ್ಲ.

ಅರ್ಜುನನ ಮಾತು ‘ಕವಿ’ ಎಂಬ ಹಳೆಯ ಜಾವಾ ಭಾಷೆಯಲ್ಲಿ. ಸಂಸ್ಕೃತ ಪದಗಳು ನಮ್ಮ ಕಿವಿಗೂ ಬಿದ್ದವು. ಜನಸಾಮಾನ್ಯರಿಗೆ ಅದು ತಿಳಿಯದು. ಆಗ ಡೊಳ್ಳುಹೊಟ್ಟೆಯ ಸೇವಕ ತ್ವಾಲೆನ್ ಬಂದು ಅದನ್ನೇ ಬಾಲಿ ಭಾಷೆಯಲ್ಲಿ ಬಿಡಿಸಿ ಹೇಳುವನು. ಭಾಗವತರ ಪದ್ಯಕ್ಕೆ ಅರ್ಥಧಾರಿಗಳು ಅರ್ಥ ಹೇಳುವುದನ್ನು ಕೇಳಿ ಬೆಳೆದ ಕಾಸರಗೋಡಿನವರಿಗೆ ಇದನ್ನು ವಿವರಿಸಬೇಕೆ?

“ನಮ್ಮ ಮಕ್ಕಳು ಶಾಲೆಯಲ್ಲಿ ಎಲ್ಲವನ್ನೂ ಇಂಡೋನೇಷ್ಯಾ ಭಾಷೆಯಲ್ಲೇ ಕಲಿಯುತ್ತಾರೆ. ಬಾಲಿ ಭಾಷೆ ಒಂದು ಪಾಠ, ಅಷ್ಟೆ” ಎಂದರು ಯಜಮಾನರು. ವರ್ಷವರ್ಷವೂ ಜೂನ್ ತಿಂಗಳಲ್ಲಿ ಕನ್ನಡ ತರಗತಿಯ ತಲೆಗಳನ್ನು ಎಣಿಸುವ ನಮಗೆ ಉತ್ತರ ಹೊಳೆಯಲಿಲ್ಲ.

ಅಷ್ಟರಲ್ಲಿ ತ್ವಾಲೆನ್ ಏನನ್ನೋ ನುಡಿದನು. ಹುಡುಗರಲ್ಲಿ ಚಿಕ್ಕವನು ಬಿದ್ದು ಬಿದ್ದು ನಕ್ಕನು. ಅರ್ಥವಾಗದಿದ್ದರೂ ನಾವೂ ನಕ್ಕೆವು.