ಮೊರೊಕ್ಕೊದ ಮನೆಯಲ್ಲಿ ಅಮೆರಿಕದ ಮಗಳು

ಮೊರೊಕ್ಕೊ ಎಂದರೆ ನಿಮಗೆ ಏನು ನೆನಪಾಗುತ್ತದೆ ಸಹೋದರಿ? ಪ್ರವಾಸಿ ಇಬ್ನ್ ಬತೂತರ ಹೆಸರನ್ನು ನೀವು ಕೇಳಿರಬಹುದು. 1304ರಲ್ಲಿ ಆ ದೇಶದ ಟ್ಯಾಂಜಿಯರ್‌ನಲ್ಲಿ ಹುಟ್ಟಿದವರು, ಲೋಕ ಸುತ್ತುತ್ತ ನಮ್ಮ ಕರಾವಳಿಗೂ ಬಂದರು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದವೆಂದೂ, ಅಲ್ಲಿನ ಮಹಿಳೆಯರಿಗೆ ಕುರ್‌ಆನ್ ಕಂಠಪಾಠವಾಗಿತ್ತೆಂದೂ ಬರೆದಿಟ್ಟರು. ಪರವೂರಿನಲ್ಲಿ ಅವರು ಎಷ್ಟು ಮನೆಗಳ ಅನ್ನ ಉಂಡಿದ್ದರೋ! ಅವರ ನಾಡಿನ ಮನೆಗಳಿಗೆ ಈಗ ಅರವತ್ತು ವರ್ಷಗಳಿಂದ ಬೇರೊಂದು ಬಗೆಯ ಪರದೇಶಿಗಳು ಬರುತ್ತಿದ್ದಾರೆ. ಇವರು ನೋಡಿಕೊಂಡು ಹೋಗುವ ಪ್ರವಾಸಿಗಳಲ್ಲ, ಎರಡು ವರ್ಷ ಉಳಿಯಲು ಬರುವವರು.

ಅಮೆರಿಕದ ಅಧ್ಯಕ್ಷ ಕೆನಡಿ 1961ರಲ್ಲಿ ಪೀಸ್ ಕೋರ್ ಎಂಬ ಸ್ವಯಂಸೇವಾ ಸಂಸ್ಥೆಯನ್ನು ಆರಂಭಿಸಿದರು. 1963ರಿಂದ ಅದರ ಸ್ವಯಂಸೇವಕರು ಮೊರೊಕ್ಕೊಗೆ ಬರತೊಡಗಿದರು. ಸಂಬಳವಿಲ್ಲ, ಊರಿನವರಂತೆ ಬದುಕುವಷ್ಟು ಖರ್ಚಿಗೆ ಕೊಡುತ್ತಾರೆ. ಅವರು ಧರ್ಮಪ್ರಚಾರ ಮಾಡುವಂತಿಲ್ಲ. ನಮ್ಮ ದೇಶದಲ್ಲೂ ಅವರು 1961ರಿಂದ 1976ರವರೆಗೆ ಇದ್ದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್‌ರ ತಾಯಿ ಲಿಲಿಯನ್, 1966ರಲ್ಲಿ, ತಮ್ಮ 68ನೇ ವಯಸ್ಸಿನಲ್ಲಿ ಮುಂಬಯಿ ಬಳಿಯ ವಿಕ್ರೋಲಿಗೆ ಬಂದು ದವಾಖಾನೆಯಲ್ಲಿ ರೋಗಿಗಳ ಸೇವೆ ಮಾಡಿದರು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸು ಅದು.

ಇಂಥ ಸೇವೆಯ ಬಗ್ಗೆ ಬರೆಯುವವರು ಬಂದವರ ಕಥೆಯನ್ನೇ ಬರೆಯುತ್ತಾರೆ. ನಾವು ಬಾಗಿಲಿನ ಈಚೆ ನಿಂತು ನೋಡೋಣ. ಸ್ವಲ್ಪ ಹೊತ್ತು ನೀವೇ ಮೊರೊಕ್ಕೊದ ಸಣ್ಣ ಪಟ್ಟಣವೊಂದರ ಗೃಹಿಣಿ ಎಂದು ಭಾವಿಸಿಕೊಳ್ಳಿ.

ನಿಮ್ಮ ಮನೆಗೆ ಇಪ್ಪತ್ತಮೂರರ ಪ್ರಾಯದ ಹುಡುಗಿಯೊಬ್ಬಳು ಎರಡು ದೊಡ್ಡ ಚೀಲ ಹೊತ್ತು ಬರುತ್ತಾಳೆ. ಮೊದಲ ಮೂರು ತಿಂಗಳು ತರಬೇತಿ. ಹಗಲು ಭಾಷೆಯ ತರಗತಿ, ರಾತ್ರಿ ನಿಮ್ಮ ಮನೆ. ಅವಳ ಊಟದ ಖರ್ಚನ್ನು ಸಂಸ್ಥೆ ಕೊಡುತ್ತದೆ. ಆದರೆ ಆಕೆಗೆ ನೀರು ಕೇಳಲೂ ಬರುವುದಿಲ್ಲ. ನೀವು ಕಲಿಸಬೇಕು. ಮನೆಯಲ್ಲಿ ಕರೆಯಲು ಸುಲಭವಾಗಲೆಂದು ಫಾತಿಮಾ ಎಂದೋ ಅಮೀನಾ ಎಂದೋ ಒಂದು ಹೆಸರನ್ನೂ ಇಡುತ್ತೀರಿ. ಬಹಳಷ್ಟು ಮನೆಗಳಲ್ಲಿ ಹೀಗೆಯೇ ಆಗುತ್ತದೆ.

ಅಲ್ಲಿನ ಆಡುಮಾತು ದಾರಿಜಾ. ಅಟ್ಲಾಸ್ ಬೆಟ್ಟದ ಊರುಗಳಲ್ಲಿ ಅಮಾಝಿಗ್ ಜನರ ಭಾಷೆಗಳು ಬೇರೆ. ಮದ್ರಸದಲ್ಲಿ ವರ್ಷಗಟ್ಟಲೆ ಅರಬಿ ವ್ಯಾಕರಣ ಉರು ಹೊಡೆದ ನನ್ನಂಥವರು ಅಲ್ಲಿಗೆ ಹೋದರೆ ಮರ್ಯಾದೆ ಸಿಕ್ಕೀತು, ತರಕಾರಿ ಸಿಗುವುದು ಕಷ್ಟ! 'ಈಗ' ಎನ್ನಲು ನಾವು ಕಲಿತದ್ದು 'ಅಲ್ ಆನ', ಅವರು ಹೇಳುವುದು 'ದಾಬಾ'. 'ಬಹಳ' ಎಂಬುದಕ್ಕೆ ನಮ್ಮದು 'ಕಸೀರನ್', ಅವರದು 'ಬಝ್ಝಾಫ್'. 'ಕೈಫ ಹಾಲುಕ' ಎಂದು ಕೇಳುವ ಬದಲು 'ಲಾ ಬಾಸ್?' ಎನ್ನುತ್ತಾರೆ. ಕೇಡೇನೂ ಇಲ್ಲವಲ್ಲ ಎಂದರ್ಥ. ಅದು ಒಂದು ಮಾತಿಗೆ ಮುಗಿಯುವುದಿಲ್ಲ. ನೀವು ಹೇಗಿದ್ದೀರಿ, ಮನೆಯವರು ಹೇಗಿದ್ದಾರೆ, ಎಲ್ಲ ಸೌಖ್ಯವೇ ಎಂದು ಇಬ್ಬರೂ ಒಟ್ಟಿಗೇ ಕೇಳುತ್ತ, ನಡುನಡುವೆ ಅಲ್ಹಮ್ದುಲಿಲ್ಲಾಹ್ ಎನ್ನುತ್ತ ಸಾಗುತ್ತದೆ. ನೆಟ್ಟಗೆ ವಿಷಯಕ್ಕೆ ಬರುವ ಅಮೆರಿಕದವಳಿಗೆ ಇದು ಮೊದಲು ಹೊತ್ತು ಕಳೆಯುವ ಕೆಲಸದಂತೆ ಕಾಣುತ್ತದೆ. ಅಂಗಡಿಯವನ ಬಳಿ ಇಷ್ಟನ್ನೂ ಕೇಳದೆ ಸಕ್ಕರೆ ಕೇಳಿದರೆ ಒರಟು ಹುಡುಗಿ ಎನಿಸಿಕೊಳ್ಳುತ್ತೇನೆಂದು ನಿಧಾನವಾಗಿ ಅರ್ಥವಾಗುತ್ತದೆ.

ಶುಕ್ರವಾರ ಜುಮಾ ಮುಗಿದ ಮೇಲೆ ಕುಸ್‌ಕುಸ್. ಗೋಧಿಯ ಸಣ್ಣ ರವೆಯನ್ನು ಕೈಯಿಂದ ಉದುರಿಸುತ್ತ ಹಬೆಯಲ್ಲಿ ಮತ್ತೆ ಮತ್ತೆ ಬೇಯಿಸಬೇಕು. ಬೆಳಗಿನ ಹೊತ್ತೆಲ್ಲ ಅದಕ್ಕೇ ಹೋಗುತ್ತದೆ. ಮೇಲೆ ಕುಂಬಳ, ಕ್ಯಾರೆಟ್, ಎಲೆಕೋಸು, ನಡುವೆ ಮಾಂಸ. ಎಲ್ಲರೂ ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ತಮ್ಮ ಮುಂದಿನ ಭಾಗದಿಂದ ಉಣ್ಣುತ್ತಾರೆ. ಈ ಸುನ್ನತ್ತು ನಮಗೆಲ್ಲ ಗೊತ್ತಿರುವುದೇ. ಹುಡುಗಿ ಕೈ ತೆಗೆದರೆ ಸಾಕು, 'ಕೂಲಿ, ಕೂಲಿ' ಎಂದು ಮನೆಯಾಕೆ ಒತ್ತಾಯ ಮಾಡುತ್ತಾಳೆ. ಕನ್ನಡದವರಿಗೆ ದಿನಗೂಲಿಯ ಮಾತು ಎನಿಸೀತು. ಅಲ್ಲಿ ಅದಕ್ಕೆ 'ತಿನ್ನಮ್ಮ' ಎಂದರ್ಥ. ಸಂಬಳವಿಲ್ಲದ ಹುಡುಗಿಗೆ ಸಿಗುವ ಕೂಲಿ ಇದೊಂದೇ! ರೊಟ್ಟಿಯನ್ನು ಕಸಕ್ಕೆ ಎಸೆಯುವಂತಿಲ್ಲ, ತುಂಡು ಕೆಳಗೆ ಬಿದ್ದರೆ ಎತ್ತಿ ಮುತ್ತಿಟ್ಟು ಬದಿಗಿಡುತ್ತಾರೆ. ಇದನ್ನು ಯಾವ ತರಬೇತಿಯ ಪುಸ್ತಕವೂ ಕಲಿಸಲಾರದು, ಮನೆಯ ಅಜ್ಜಿಯೇ ಕಲಿಸಬೇಕು.

ಹಮ್ಮಾಮಿಗೆ, ಅಂದರೆ ಊರಿನ ಬಿಸಿನೀರಿನ ಸ್ನಾನಗೃಹಕ್ಕೆ, ಕರೆದೊಯ್ಯುವವರೂ ಮನೆಯ ಹೆಂಗಸರೇ. ಹೆಂಗಸರಿಗೆ ಬೇರೆಯೇ ಹೊತ್ತು ಅಥವಾ ಬೇರೆಯೇ ಭಾಗ ಇರುತ್ತದೆ. ಆಲಿವ್‌ನಿಂದ ಮಾಡಿದ ಕಪ್ಪು ಸಾಬೂನು, ಮೈ ತಿಕ್ಕಲು ಒರಟಾದ ಕೈಚೀಲ. ಪರಿಚಯವಿಲ್ಲದವರೂ ಪರಸ್ಪರ ಬೆನ್ನು ತಿಕ್ಕುತ್ತಾರೆ. ಸಂಕೋಚದಿಂದ ಮುದುಡಿದ ಹುಡುಗಿ ಕೆಂಪಾಗಿ ಹೊರಬಂದಾಗ ಎದುರಾದವರೆಲ್ಲ 'ಬ್ಸಹ್ಹಾ' ಎನ್ನುತ್ತಾರೆ. ಆರೋಗ್ಯ ಸಿಗಲಿ ಎಂಬ ಹಾರೈಕೆ. ಹೊಸ ಬಟ್ಟೆ ತೊಟ್ಟರೂ ಇದನ್ನೇ ಹೇಳುತ್ತಾರೆ. ಅಲ್ಲಾಹನು ನಿಮಗೂ ಆರೋಗ್ಯ ಕೊಡಲಿ ಎಂದು ಉತ್ತರಿಸಲು ಬಂದ ದಿನ ಅವಳು ಅರ್ಧ ಆ ಊರಿನವಳಾದಂತೆ.

ಎಲ್ಲವೂ ಹೀಗೆ ಸಿಹಿಯೇ ಎಂದುಕೊಳ್ಳಬೇಡಿ. ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಕೂರುವುದು ಅವಳಿಗೆ ವಿಶ್ರಾಂತಿ. ಮನೆಯವರಿಗೆ ಮಾತ್ರ ಕಳವಳ, ಹುಡುಗಿಗೆ ಜ್ವರವೋ, ನಮ್ಮ ಮೇಲೆ ಮುನಿಸೋ ಎಂದು. ಸ್ವಂತ ದುಡಿಮೆಯಲ್ಲಿ ಬೆಳೆದವಳಿಗೆ ಮಗ್ರಿಬ್‌ಗೆ ಮೊದಲು ಮನೆ ಸೇರಬೇಕೆಂದರೆ ಸಿಟ್ಟು ಬರುತ್ತದೆ. ಅವಳಿಗೇನಾದರೂ ಆದರೆ ಊರಿಗೆ ಉತ್ತರ ಕೊಡಬೇಕಾದವಳು ಆ ತಾಯಿ ಎಂಬುದು ಅವಳಿಗೆ ತಕ್ಷಣ ಹೊಳೆಯುವುದಿಲ್ಲ. ಬೀದಿಯಲ್ಲಿ ಪಡ್ಡೆ ಹುಡುಗರು ಕಾಡುತ್ತಾರೆ, ಮುಸ್ಲಿಮ್ ದೇಶವೆಂದು ನಾವು ಇದನ್ನು ಮುಚ್ಚಿಡಬಾರದು. ಮದುವೆ ಯಾವಾಗ ಎಂಬ ಪ್ರಶ್ನೆ ತಪ್ಪಿದ್ದಲ್ಲ. ದಂಪತಿಗಳಾಗಿ ಬಂದವರಿಗೆ ಮಕ್ಕಳೇಕಿಲ್ಲ ಎಂಬ ಪ್ರಶ್ನೆ. ಇವರು ಗೂಢಚಾರರಿರಬಹುದೇ ಎಂಬ ಪಿಸುಮಾತೂ ಇರುತ್ತದೆ. ಶಹಾದ ಹೇಳು ಎಂದು ದಿನವೂ ಬೆನ್ನು ಹತ್ತುವವರೂ ಇದ್ದಾರೆ. ಉಪವಾಸ ಕಡ್ಡಾಯವಲ್ಲದಿದ್ದರೂ ರಮಝಾನ್‌ನಲ್ಲಿ ಮನೆಯವರೊಂದಿಗೆ ಉಪವಾಸವಿದ್ದು, ಖರ್ಜೂರ ಮತ್ತು ಹರೀರಾ ಸಾರಿಗಾಗಿ ಬಾಂಗ್ ಕಾಯುವ ಹುಡುಗಿಯನ್ನು ಅವಳ ಪಾಡಿಗೆ ಬಿಡುವುದೇ ಚೆನ್ನ. ಅತಿಥಿಯನ್ನು ಊಟದ ಮುಂದೆ ಕೂರಿಸಿ ವಾದ ಹೂಡುವುದು ಯಾವ ಆತಿಥ್ಯ?

ತರಬೇತಿಯ ಬಳಿಕ ಅವಳನ್ನು ಬೇರೆ ಊರಿಗೆ ಕಳುಹಿಸುತ್ತಾರೆ. ಅಲ್ಲೂ ಮೊದಲು ಒಂದು ಕುಟುಂಬದೊಡನೆ ಇದ್ದು ಆಮೇಲೆ ಬಾಡಿಗೆ ಮನೆ. ನಮ್ಮಲ್ಲಿ ಸಂತೆಮಾರಹಳ್ಳಿ, ಸಂತೇಬೆನ್ನೂರು ಇದ್ದಂತೆ ಅಲ್ಲಿಯೂ ಸಂತೆಯ ಹೆಸರಿನ ಊರುಗಳಿವೆ. ಸೂಕ್ ಅಲ್ ಅರ್ಬಆ ಎಂದರೆ ಬುಧವಾರದ ಸಂತೆ, ಸೂಕ್ ಸಬ್ತ್ ಎಂದರೆ ಶನಿವಾರದ ಸಂತೆ. ಕೆಲಸ ಹೆಚ್ಚಾಗಿ ದಾರ್ ಶಬಾಬ್ ಎಂಬ ಸರಕಾರಿ ಯುವಕೇಂದ್ರದಲ್ಲಿ. ಇಂಗ್ಲಿಷ್ ಪಾಠ, ಆಟ, ರಜಾ ಶಿಬಿರ. ಎರಡು ವರ್ಷದಲ್ಲಿ ಒಬ್ಬಳು ಎಷ್ಟು ಇಂಗ್ಲಿಷ್ ಕಲಿಸಬಲ್ಲಳು? ಅಧ್ಯಾಪಕನಾಗಿ ಹೇಳುತ್ತೇನೆ, ಹೆಚ್ಚೇನೂ ಅಲ್ಲ. ಮಕ್ಕಳ ನಾಲಗೆ ತಿರುಗುವ ಹೊತ್ತಿಗೆ ಅವಳ ಅವಧಿ ಮುಗಿದಿರುತ್ತದೆ. ಅದೇ ಅವಧಿಯಲ್ಲಿ ಆ ಗೃಹಿಣಿ ಕಲಿಸಿದ್ದನ್ನು ಲೆಕ್ಕ ಹಾಕಿ: ಒಂದು ಭಾಷೆ, ಅಡುಗೆ, ಹಿರಿಯರ ಮುಂದೆ ಕೂರುವ ರೀತಿ, ಯಾವ ಓಣಿಯಲ್ಲಿ ಹೋಗಬೇಕು, ಯಾರ ಮಾತಿಗೆ ನಗಬೇಕು, ಯಾರ ಮಾತಿಗೆ ಸುಮ್ಮನಿರಬೇಕು. ಆಕೆಯನ್ನು ಯಾರೂ ಸ್ವಯಂಸೇವಕಿ ಎಂದು ಕರೆಯುವುದಿಲ್ಲ.

ಅವಧಿ ಮುಗಿದಾಗ ಬೀಳ್ಕೊಡುವುದಕ್ಕೂ ಕ್ರಮವಿದೆ. ಸಕ್ಕರೆ ಸುರಿದ ಪುದೀನ ಚಹಾ, ನೆರೆಹೊರೆಯವರೆಲ್ಲರ ಭೇಟಿ, 'ತ್ರೀಕ್ ಸ್ಲಾಮಾ', ಸುರಕ್ಷಿತ ಪ್ರಯಾಣವಾಗಲಿ ಎಂಬ ಹಾರೈಕೆ. 2020ರ ಮಾರ್ಚ್‌ನಲ್ಲಿ ಇದಾವುದಕ್ಕೂ ಸಮಯವಿರಲಿಲ್ಲ. ಕೊರೋನ ಹರಡಿದಾಗ ಸಂಸ್ಥೆ ಲೋಕದಾದ್ಯಂತ ಇದ್ದ ಸುಮಾರು 7,000 ಸ್ವಯಂಸೇವಕರನ್ನು ಕೆಲವೇ ದಿನಗಳಲ್ಲಿ ಸ್ವದೇಶಕ್ಕೆ ಕರೆಸಿಕೊಂಡಿತು. ಮೊರೊಕ್ಕೊದಲ್ಲಿದ್ದವರೂ ಹೊರಟರು. ಹೋಗಲು ಅವರಿಗೆ ಬೇರೊಂದು ಮನೆಯಿತ್ತು. ಈಚೆ ಬಾಗಿಲಲ್ಲಿ ನಿಂತವರಿಗೆ ಅದೇ ಊರು, ಅದೇ ಭಯ. ಎಷ್ಟೋ ತಾಯಂದಿರಿಗೆ ಮಗಳನ್ನು ಅಪ್ಪಿ ಕಳುಹಿಸಲೂ ಆಗಲಿಲ್ಲ.

ರೋಗದ ಕಾಲ ಕಳೆದ ಮೇಲೆ ಮೊರೊಕ್ಕೊಗೆ ಹೊಸ ಸ್ವಯಂಸೇವಕರು ಬಂದರು. ಮನೆಗಳು ಮತ್ತೆ ಬಾಗಿಲು ತೆರೆದವು. ಹೊಸ ಹುಡುಗಿಗೂ ನೀರು ಕೇಳಲು ಬರುತ್ತಿರಲಿಲ್ಲ.